ಅಪ್ಪನ ಪದ್ಮಿನಿಗೆ ಮೊದಲು ಸ್ಕ್ರೂಡ್ರೈವರ್, ಆಮೇಲೆ ಸ್ಪ್ಯಾನರ್

ಪ್ರಶ್ನೆ: ನಮ್ಮ ತಂದೆಯವರ 1983ರ ಪ್ರೀಮಿಯರ್ ಪದ್ಮಿನಿ ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಮನೆಯ ಶೆಡ್ಡಿನಲ್ಲಿ 11 ವರ್ಷದಿಂದ ನಿಂತಿದೆ. ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿತ್ತು. ಮುಂದಿನ ವರ್ಷದ ಆಯುಧಪೂಜೆಗೆ ಅದನ್ನು ರಸ್ತೆಗೆ ತರಬೇಕೆಂದು ಆಸೆ. ಆದಷ್ಟು ಕೆಲಸ ನಾನೇ ಮಾಡಬೇಕು. ಬೈಕ್ ಬಿಚ್ಚಿ ಜೋಡಿಸಿದ ಅನುಭವ ಇದೆ, ಕಾರಿನದಿಲ್ಲ. ಶನಿವಾರ, ಭಾನುವಾರ ಮಾತ್ರ ಬಿಡುವು. ಮೂರು ಲಕ್ಷ ರೂಪಾಯಿ ಎತ್ತಿಟ್ಟಿದ್ದೇನೆ, ಸಾಕಾಗುತ್ತದೆಯೇ? ಎಲ್ಲಿಂದ ಶುರು ಮಾಡಲಿ? ಕಾರು ಈಗ ಕ್ರೀಮ್ ಬಣ್ಣದ್ದು, ಕೆಂಪು ಹೊಡೆಸಬಹುದೇ? ತಂದೆಯವರು ಮಾತ್ರ "ಸುಮ್ನೆ ಗುಜರಿಗೆ ಹಾಕು" ಅನ್ನುತ್ತಾರೆ.
ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಮನೆಯಲ್ಲೇ ಕೈ ಹಾಕಬಹುದಾದ ಹಳೆ ಕಾರು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಪದ್ಮಿನಿಯ ಹೆಸರನ್ನೇ. 1964ರಲ್ಲಿ ಬಾಂಬೆಯ ಕುರ್ಲಾದಲ್ಲಿ ಫಿಯಟ್ 1100 ಡಿ ಅಂತ ತಯಾರಾಗತೊಡಗಿದ ಕಾರೇ ಮುಂದೆ ಪದ್ಮಿನಿ ಅನ್ನುವ ಹೆಸರು ಹೊತ್ತು 2000ದ ಆಸುಪಾಸಿನವರೆಗೂ ಬಂತು. ಅಷ್ಟು ವರ್ಷ ಒಳಗಿನ ಜೀವ ಹೆಚ್ಚುಕಡಿಮೆ ಒಂದೇ. 1089 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, ಕಾರ್ಬುರೇಟರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಹಿಂದೆ ಪಟ್ಟಿ ಸ್ಪ್ರಿಂಗು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬಾನೆಟ್ ಎತ್ತಿದರೆ ಕೆಳಗಿನ ನೆಲ ಕಾಣುವಷ್ಟು ಜಾಗ. ಬೈಕ್ ಬಿಚ್ಚಿ ಜೋಡಿಸಿದವರಿಗೆ ಇದರ ಇಂಜಿನ್ ಹೆದರಿಕೆ ಹುಟ್ಟಿಸುವುದಿಲ್ಲ.

ಹೆದರಬೇಕಾದದ್ದು ತಗಡಿಗೆ.

ಮೂರು ಲಕ್ಷ ಸಾಕಾ ಅಂದಿರಿ. ಅದನ್ನು ಇಂಜಿನ್ ನೋಡಿ ಹೇಳಲು ಬರುವುದಿಲ್ಲ, ತಗಡು ನೋಡಿಯೇ ಹೇಳಬೇಕು. ಜೀಪಿಗಾದರೆ ಕೆಳಗೆ ಬೇರೆಯಾಗಿ ಚಾಸಿ ಇರುತ್ತದೆ, ಮೇಲಿನ ಬಾಡಿ ಹಾಳಾದರೂ ಕೆಳಗಿನ ಗಟ್ಟಿ ಕಬ್ಬಿಣ ಉಳಿದಿರುತ್ತದೆ. ಪದ್ಮಿನಿಗೆ ಆ ಭಾಗ್ಯ ಇಲ್ಲ. ಅದರ ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗ, ಒಳಮಡ್‌ಗಾರ್ಡು, ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡು ಕಾರನ್ನು ನೆಟ್ಟಗೆ ನಿಲ್ಲಿಸಿವೆ. ಅಲ್ಲಿ ತುಕ್ಕು ತಿಂದಿದ್ದರೆ ಅದು ಅಂದ ಕೆಟ್ಟ ಮಾತಲ್ಲ, ಬೆನ್ನುಮೂಳೆ ಹೋದ ಮಾತು. ನಿಮ್ಮ ಕಾರು ನಿಂತಿರುವುದೋ ಮಲೆನಾಡಿನಲ್ಲಿ, ಹನ್ನೊಂದು ಮಳೆಗಾಲ ಕಳೆದಿದೆ.

ಅದಕ್ಕೇ ಹೇಳುತ್ತೇನೆ, ಒಂದು ಬೋಲ್ಟನ್ನೂ ಈಗ ಬಿಚ್ಚಬೇಡಿ. ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡೇ. ನನ್ನ ಮೊದಲ ಫಿಯಟ್ ಮನೆಗೆ ಬಂದ ಹುರುಪಿನಲ್ಲಿ ಎರಡು ಭಾನುವಾರದೊಳಗೆ ಪೂರ್ತಿ ಬಿಚ್ಚಿಹಾಕಿದೆ. ಬಿಚ್ಚುವುದು ಎಷ್ಟು ಖುಷಿಯ ಕೆಲಸ ಅಂದರೆ, ಪುಕ್ಕಟೆ ಬೇರೆ! ಮೂರನೇ ಭಾನುವಾರ ನೆಲದ ಮ್ಯಾಟ್ ಎತ್ತಿದೆ. ಕೆಳಗೆ ಓಡಾಡುವ ಇರುವೆ ಕಾಣಿಸಿತು. ಆಗ ದುಡ್ಡಿರಲಿಲ್ಲ. ಬಿಚ್ಚಿದ ಕಾರನ್ನು ಮಾರಲೂ ಆಗುವುದಿಲ್ಲ, ಅದಕ್ಕೆ ಗುಜರಿ ಬೆಲೆ ಮಾತ್ರ. ನಾಲ್ಕು ವರ್ಷ ಅದು ಹಾಗೇ ಬಿದ್ದಿತ್ತು. ನಟ್ಟು ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಕ್ಕೆ ತುಂಬಿಸಿದ್ದೆ ಅಂತ ಬೇರೆ ಹೇಳಬೇಕಾ?

ಮೊದಲ ಎರಡು ವಾರಾಂತ್ಯ ತಗಡು ನೋಡಲು ನಿಮಗೆ ಬೇಕಾದ ಸಾಮಾನು ಇಷ್ಟೇ: ಒಂದು ಚೂಪಾದ ಸ್ಕ್ರೂಡ್ರೈವರ್, ಟಾರ್ಚು, ಒಂದು ಅಯಸ್ಕಾಂತ, ಚಾಕ್‌ಪೀಸು, ನೋಟ್‌ಬುಕ್ಕು. ಕಾರೊಳಗಿನ ಮ್ಯಾಟ್ ಎಲ್ಲ ತೆಗೆದು ನೆಲದ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚುತ್ತಾ ಬನ್ನಿ. ಟಣ್ ಅಂದರೆ ಸರಿ. ಬಿಸ್ಕತ್ತಿನ ಹಾಗೆ ಮುರಿದು ಒಳಗೆ ಹೋದರೆ ಅಲ್ಲಿಗೆ ಚಾಕ್‌ಪೀಸಿನಿಂದ ಗುಂಡು ಹಾಕಿ. ಆಮೇಲೆ ಬಾಗಿಲ ಕೆಳಗಿನ ಆ ಪೆಟ್ಟಿಗೆ ಭಾಗ, ಜಾಕ್ ಕೊಡುವ ಜಾಗ, ಡಿಕ್ಕಿಯ ನೆಲ, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ರಬ್ಬರಿನ ಕೆಳಅಂಚು, ಬಾಗಿಲುಗಳ ತಳ. ಬಾಗಿಲ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಕಸ ಕಟ್ಟಿ ಅವು ಮುಚ್ಚಿದ್ದರೆ ಒಳಗೆ ನೀರು ನಿಂತು ತಳವೇ ಹೋಗಿರುತ್ತದೆ. ಹಿಂದಿನ ಪಟ್ಟಿ ಸ್ಪ್ರಿಂಗು ಬಾಡಿಗೆ ಸೇರುವ ಜಾಗ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಚುಚ್ಚುವಾಗ ಕರುಣೆ ಬೇಡ.

ಅಯಸ್ಕಾಂತ ಯಾಕೆ ಅಂದರೆ, ನಿಮ್ಮ ತಂದೆಯವರು ಕಾರು ಓಡಿಸುತ್ತಿದ್ದ ಕಾಲದಲ್ಲಿ ಯಾರಾದರೂ ಪಟ್ಟಿ (ತಗ್ಗು, ತೂತು ಮುಚ್ಚುವ ಪೇಸ್ಟು) ಮೆತ್ತಿ ಪೇಂಟ್ ಹೊಡೆದಿದ್ದರೆ ಹೊರಗಿಂದ ತಿಳಿಯುವುದಿಲ್ಲ. ಅಯಸ್ಕಾಂತಕ್ಕೆ ತಿಳಿಯುತ್ತದೆ. ಅದು ಹಿಡಿಯದ ಕಡೆ ಕೆಳಗೆ ತಗಡಿಲ್ಲ, ಇಲ್ಲವೇ ದಪ್ಪನೆಯ ಪಟ್ಟಿ ಇದೆ.

ಚಾಕ್ ಗುರುತುಗಳನ್ನೆಲ್ಲ ಫೋಟೊ ತೆಗೆದು ಅಳತೆ ಬರೆದಿಟ್ಟುಕೊಳ್ಳಿ. ಇದೇ ನಿಮ್ಮ ಬಜೆಟ್ಟಿನ ಮೊದಲ ಪುಟ. ಫೋಟೊ ತೋರಿಸಿದರೆ ಟಿಂಕರ್, ಅಂದರೆ ಕಾರಿನ ತಗಡಿನ ಕೆಲಸದವರು, ಅಂದಾಜು ಹೇಳುತ್ತಾರೆ ನಿಜ, ಆದರೆ ಆ ಅಂದಾಜು ಯಾವಾಗಲೂ ಕಡಿಮೆಯೇ ಇರುತ್ತದೆ. ಒಂದು ಸಲ ಅವರನ್ನೇ ಕರೆದುಕೊಂಡು ಹೋಗಿ ತೋರಿಸಿ, ದಿನದ ಕೂಲಿಯನ್ನೇ ಕೊಟ್ಟರೂ ಸರಿ. ಇಬ್ಬರು ಬೇರೆ ಬೇರೆ ಟಿಂಕರ್‌ಗಳಿಗೆ ತೋರಿಸಿದರೆ ಇನ್ನೂ ಒಳ್ಳೆಯದು.

ಅದೇ ವಾರಾಂತ್ಯ ಇಂಜಿನ್ನನ್ನೂ ಒಮ್ಮೆ ಮಾತಾಡಿಸಬಹುದು. ಬ್ಯಾಟರಿ ತಂದು ಸೆಲ್ಫ್ ಹೊಡೆಯುವ ಆಸೆ ಬರುತ್ತದೆ, ಬೇಡ. ಹನ್ನೊಂದು ವರ್ಷ ಒಣಗಿದ ಸಿಲಿಂಡರಿನಲ್ಲಿ ಪಿಸ್ಟನ್ನಿನ ರಿಂಗು ಅಂಟಿಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿಯುತ್ತದೆ. ನಾಲ್ಕೂ ಪ್ಲಗ್ ತೆಗೆದು ಒಂದೊಂದು ಸಿಲಿಂಡರಿಗೆ ಎರಡು ಚಮಚದಷ್ಟು ಇಂಜಿನ್ ಆಯಿಲ್ ಮತ್ತು ಡೀಸೆಲ್ ಬೆರೆಸಿ ಬಿಡಿ. ಪ್ಲಗ್ ತೂತನ್ನು ಬಟ್ಟೆಯಿಂದ ಮುಚ್ಚಿ ಮುಂದಿನ ಶನಿವಾರದ ತನಕ ಮರೆತುಬಿಡಿ. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿ. ತಿರುಗಿತಾ? ಅರ್ಧ ಗೆದ್ದಿರಿ. ಹಳೆ ಆಯಿಲ್ ತೆಗೆದು ಹೊಸದು ಹಾಕಿ, ಆಮೇಲೆ ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮೀಟರ್) ಇರುವ ಮೆಕ್ಯಾನಿಕ್ಕನ್ನು ಕರೆಸಿ ನಾಲ್ಕೂ ಸಿಲಿಂಡರ್ ನೋಡಿಸಿ. ನಂಬರ್ ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಒಂದೇ ಥರ ಇವೆಯಾ ಅನ್ನುವುದು ಮುಖ್ಯ. ಒಂದು ತೀರಾ ಕೆಳಗಿದ್ದರೆ ಅದಕ್ಕೆ ಸ್ವಲ್ಪ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿಸಿ. ನಂಬರ್ ಮೇಲೆ ಬಂದರೆ ರಿಂಗಿನ ತೊಂದರೆ, ಬರದಿದ್ದರೆ ವಾಲ್ವಿನದು. ಇದರ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಬೀಡುಕಬ್ಬಿಣದ್ದು. ಯಾವತ್ತಾದರೂ ಬಿಸಿಯೇರಿ ನಿಂತಿತ್ತಾ ಅಂತ ತಂದೆಯವರನ್ನು ಕೇಳಿ. ಹೌದಾದರೆ ಹೆಡ್ ಬಾಗಿರುವ ಸಾಧ್ಯತೆ ಇದೆ, ಲೇತಿನವರ ಹತ್ತಿರ ಫೇಸಿಂಗ್ ಮಾಡಿಸುವ, ಅಂದರೆ ಉಜ್ಜಿ ಸಮ ಮಾಡಿಸುವ ಖರ್ಚು ಸೇರಿಸಿಕೊಳ್ಳಿ.

ಇನ್ನು ದುಡ್ಡಿನ ಮಾತು.

ನಿಮ್ಮ ಹತ್ತಿರ ಇರುವುದು ಮೂರು ಲಕ್ಷ ಅಲ್ಲ, ಎರಡೂಕಾಲು ಲಕ್ಷ. ಉಳಿದ 75 ಸಾವಿರವನ್ನು ಬೇರೆ ಖಾತೆಗೆ ಹಾಕಿ, ಅದು ಇದೆ ಅನ್ನುವುದನ್ನೇ ಮರೆಯಿರಿ. ಹಳೆ ಕಾರು ಅದನ್ನು ಹೇಗೂ ನೆನಪಿಸುತ್ತದೆ. ಎರಡೂಕಾಲು ಲಕ್ಷವನ್ನು ನಾನಾದರೆ ಹೀಗೆ ಹಂಚುತ್ತೇನೆ: ಟಿಂಕರಿಂಗ್ ಮತ್ತು ಪೇಂಟಿಗೆ ಒಂದು ಲಕ್ಷ, ಇಂಜಿನ್ ಗೇರ್‌ಬಾಕ್ಸಿಗೆ 40 ಸಾವಿರ, ಬ್ರೇಕು, ಸ್ಟಿಯರಿಂಗು, ಸಸ್ಪೆನ್ಷನ್ನಿಗೆ 25 ಸಾವಿರ, ಸ್ಟೆಪ್ನಿ ಸೇರಿ ಐದು ಟೈರು ಮತ್ತು ಬ್ಯಾಟರಿಗೆ 22 ಸಾವಿರ, ಸೀಟು, ರಬ್ಬರು, ಒಳಗಿನ ಕೆಲಸಕ್ಕೆ 18 ಸಾವಿರ, ವೈರಿಂಗಿಗೆ 10, ಆರ್‌ಟಿಒಗೆ 10. ಇವು ಹೊಳೆಯುವ ಪ್ರದರ್ಶನದ ಕಾರಿಗೆ ಹಾಕಿದ ಲೆಕ್ಕವಲ್ಲ, ಗಟ್ಟಿಯಾಗಿ ಓಡುವ, ನೋಡಲು ಅಚ್ಚುಕಟ್ಟಾದ ಕಾರಿನ ಲೆಕ್ಕ. ಬಿಚ್ಚುವ, ಉಜ್ಜುವ, ಜೋಡಿಸುವ ಕೂಲಿ ನಿಮ್ಮದೇ ಅಂದುಕೊಂಡಿದ್ದೇನೆ. ನಿಮ್ಮೂರಿನ ದರ ತಿಳಿದ ಹಾಗೆಲ್ಲ ನನ್ನ ಅಂಕಿ ಹೊಡೆದು ನಿಮ್ಮದು ಬರೆದುಕೊಳ್ಳಿ.

ಈಗ ಚಾಕ್ ಗುಂಡುಗಳಿಗೆ ವಾಪಸ್ ಬನ್ನಿ. ನೆಲದಲ್ಲಿ ಅಲ್ಲಲ್ಲಿ ತೂತು, ಬಾಗಿಲ ತಳ ಸ್ವಲ್ಪ ಹೋಗಿದೆ ಅಂದರೆ ಈ ಲೆಕ್ಕ ನಿಲ್ಲುತ್ತದೆ. ಎರಡೂ ಬದಿಯ ಪೆಟ್ಟಿಗೆ ಭಾಗ ಪೂರ್ತಿ ಹೋಗಿ, ಸ್ಪ್ರಿಂಗ್ ಕೂರುವ ಜಾಗವೂ ಪುಡಿಯಾಗುತ್ತಿದೆ ಅಂದರೆ ನಿಲ್ಲುವುದಿಲ್ಲ. ಆಗ ಮೂರು ಲಕ್ಷ ತಗಡು ಪೇಂಟಿಗೇ ಬೇಕಾಗಬಹುದು. ಅಂಥ ಸ್ಥಿತಿಯಲ್ಲಿ ನಾನು ಹೇಳುವುದು, ಬಯಲುಸೀಮೆ ಕಡೆ ತುಕ್ಕಿಲ್ಲದ ಇನ್ನೊಂದು ಪದ್ಮಿನಿ ಹುಡುಕಿ, ನಿಮ್ಮದರ ಒಳ್ಳೆಯ ಸಾಮಾನು ಅದಕ್ಕೆ ಹಾಕಿಕೊಳ್ಳಿ. ಅಪ್ಪನ ಕಾರು ಅನ್ನುವ ಭಾವನೆಗೆ ಇದು ಸ್ವಲ್ಪ ಚುಚ್ಚುತ್ತದೆ, ಗೊತ್ತು. ದಾಖಲೆ ಮಾತ್ರ ಹೊಸದಾಗಿ ತಂದ ಆ ಕಾರಿನದ್ದೇ ಇರಬೇಕು. ಒಂದರ ನಂಬರನ್ನು ಇನ್ನೊಂದಕ್ಕೆ ಹಾಕುವುದು ಅಪರಾಧ. ಟಿಂಕರ್ ಯಾರಾದರೂ ಆ ಸಲಹೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ತಗಡಿನ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ, ಆದರೆ ಎದುರಿಗೆ ನಿಂತು ಮಾಡಿಸುವಂಥದ್ದು. ಕೆಲವು ಮಾತನ್ನು ಮೊದಲೇ ಆಡಿಕೊಳ್ಳಿ. ನೆಲಕ್ಕೆ 20 ಗೇಜ್, ಬಾಗಿಲ ಕೆಳಗಿನ ಪೆಟ್ಟಿಗೆ ಭಾಗಕ್ಕೆ 18 ಗೇಜ್ ಶೀಟು (ಗೇಜ್ ಅಂಕಿ ಕಡಿಮೆಯಾದಷ್ಟೂ ತಗಡು ದಪ್ಪ). ತುಕ್ಕು ಹಿಡಿದದ್ದನ್ನು ಒಳ್ಳೆಯ ತಗಡು ಸಿಗುವ ತನಕ ಕತ್ತರಿಸಿ ತೆಗೆದು ಹೊಸದು ಬೆಸೆಯಬೇಕು, ಹಳೆಯದರ ಮೇಲೆ ತೇಪೆ ಹಾಕಬಾರದು. ತೇಪೆಯ ಸಂದಿಯಲ್ಲಿ ನೀರು ಕೂತು ಎರಡೇ ಮಳೆಗಾಲಕ್ಕೆ ಮತ್ತೆ ಹೋಗುತ್ತದೆ. ಗ್ಯಾಸ್ ವೆಲ್ಡಿಂಗಿನ ಬಿಸಿಗೆ ತೆಳು ತಗಡು ಅಲೆಯಲೆಯಾಗಿ ಏಳುತ್ತದೆ, ಕರೆಂಟಿನಿಂದ ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್ ಇರುವವರನ್ನೇ ಹಿಡಿಯಿರಿ. ಬಾಗಿಲ ಕೆಳಗಿನ ಭಾಗ ಕತ್ತರಿಸುವ ಮೊದಲು ಕಾರಿನೊಳಗೆ ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಕಬ್ಬಿಣದ ಪೈಪು ಬೆಸೆದು ಬಿಗಿ ಮಾಡಲೇಬೇಕು. ಒಂದು ಬದಿ ಮುಗಿದ ಮೇಲೇ ಇನ್ನೊಂದು ಬದಿಗೆ ಕೈ ಹಾಕಬೇಕು. ಬೆಸೆಯುವಾಗ ಬಾಗಿಲು ಹಾಕಿಕೊಂಡೇ ಇರಬೇಕು, ಬಾಗಿಲ ಸುತ್ತಲಿನ ಸಂದಿ ಸಮ ಇದೆಯಾ ಅಂತ ಆಗಾಗ ನೋಡುತ್ತಿರಬೇಕು. ಇದನ್ನು ಬಿಟ್ಟರೆ ಕಾರು ನಡುವಿನಲ್ಲಿ ಬಾಗಿಬಿಡುತ್ತದೆ. ಆಮೇಲೆ ಯಾವ ಬಾಗಿಲೂ ಮುಚ್ಚುವುದಿಲ್ಲ. ವೆಲ್ಡಿಂಗ್ ಶುರುವಾಗುವ ಮೊದಲು ಪೆಟ್ರೋಲ್ ಟ್ಯಾಂಕ್ ಕೆಳಗಿಳಿದು ದೂರ ಇರಬೇಕು. ಬ್ಯಾಟರಿಯೂ ಹಾಗೇ. ಚಾಸಿ ನಂಬರ್ ಕೊರೆದಿರುವ ತಗಡಿಗೆ ಗ್ರೈಂಡರ್ ಸೋಕಬಾರದು. ಅದು ಅಳಿಸಿದರೆ ಆರ್‌ಟಿಒದಲ್ಲಿ ಪಡುವ ಪಾಡು ಬೇಡ.

ಒಂದು ಕಾರಿಗೆ ನಾನು ಎದುರಿಗೆ ನಿಲ್ಲದೆ ಕೆಲಸ ಒಪ್ಪಿಸಿದ್ದೆ. ಬಂದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಮನೆಯವರೆಲ್ಲ ಹೊಗಳಿದರು. ಮುಂದಿನ ಆಗಸ್ಟಿಗೆ ಮಡ್‌ಗಾರ್ಡಿನ ಮೇಲೆ ಹಪ್ಪಳದಂಥ ಗುಳ್ಳೆ. ಕೆರೆದು ನೋಡಿದರೆ ತುಕ್ಕಿನ ಮೇಲೇ ಪಟ್ಟಿ ಮೆತ್ತಿದ್ದರು, ಒಂದು ಕಡೆ ಒಳಗೆ ಪೇಪರ್ ಕೂಡ ತುರುಕಿದ್ದರು. ಆಮೇಲಿಂದ ನನ್ನದೊಂದು ಕರಾರು: ತಗಡಿನ ಕೆಲಸ ಮುಗಿದು ಬರೀ ಪ್ರೈಮರ್ ಹೊಡೆದಾಗ ನಾನು ನೋಡಬೇಕು, ಅಲ್ಲಿಗೆ ಅರ್ಧ ದುಡ್ಡು. ಪಟ್ಟಿ ಹಾಕುವುದು ಅದಾದ ಮೇಲೆ. ಪೆಟ್ಟಿಗೆಯಂಥ ಭಾಗಗಳ ಒಳಗೆ ಕೈ ಹೋಗುವುದಿಲ್ಲ, ಅಲ್ಲಿಗೆ ಪೇಂಟ್ ಎಲ್ಲ ಮುಗಿದ ಮೇಲೆ ಮೇಣದಂಥ ಆ್ಯಂಟಿ ರಸ್ಟ್ ಸ್ಪ್ರೇ ಹೊಡೆಸಿ. ಮಲೆನಾಡಿನಲ್ಲಿ ಅದಕ್ಕೆ ಜುಗ್ಗತನ ಮಾಡುವುದು ಬೇಡವೇ ಬೇಡ.

ನಿಮ್ಮ ವೇಳಾಪಟ್ಟಿಯನ್ನೂ ಮಳೆಯೇ ಬರೆದಿಟ್ಟಿದೆ. ಈಗ ನವೆಂಬರ್. ಚುಚ್ಚುವುದು, ಲೆಕ್ಕ ಹಾಕುವುದು, ಬಿಚ್ಚುವುದು ಡಿಸೆಂಬರ್ ಕೊನೆಯೊಳಗೆ. ತಗಡಿನ ಕೆಲಸ ಜನವರಿ, ಫೆಬ್ರವರಿ. ಪೇಂಟು ಮಾರ್ಚ್, ಏಪ್ರಿಲ್. ಮೇ ಅಂದರೆ ಕೈಯಲ್ಲಿರುವ ಕೊನೆಯ ತಿಂಗಳು, ಅದನ್ನು ತಡವಾದದ್ದಕ್ಕೆ ಮೀಸಲಿಡಿ. ಜೂನ್ ಬಂದ ಮೇಲೆ ಪೇಂಟಿನ ಮಾತೇ ಎತ್ತಬೇಡಿ. ಥಂಡಿ ಗಾಳಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟು ಬೆಳ್ಳಗೆ ಮಂಜು ಹಿಡಿದ ಹಾಗಾಗುತ್ತದೆ, ಬರಿಗೈಲಿ ಮುಟ್ಟಿದ ತಗಡು ರಾತ್ರಿ ಕಳೆಯುವಷ್ಟರಲ್ಲಿ ಕೆಂಪಗಾಗುತ್ತದೆ. ಹೊರಗೆ ಮಳೆ ಹೊಯ್ಯುವ ಆ ನಾಲ್ಕು ತಿಂಗಳು ಶೆಡ್ಡಿನೊಳಗೆ ಕೂತು ಮಾಡುವ ಕೆಲಸಕ್ಕೆ ಸರಿ: ಇಂಜಿನ್, ಬ್ರೇಕು, ವೈರಿಂಗು, ಸೀಟು. ಹೀಗೆ ಹೋದರೆ ನವರಾತ್ರಿಗೆ ಕಾರು ಹೊರಗೆ ಬರುತ್ತದೆ. ಪೇಂಟು ಮೇ ದಾಟಿತೋ, ಪೂಜೆ ಅದರ ಮುಂದಿನ ವರ್ಷವೇ ಅಂತ ಒಪ್ಪಿಕೊಂಡುಬಿಡಿ. ಹಬ್ಬಕ್ಕೆ ಓಡಿಸಲೇಬೇಕು ಅಂತ ಕೊನೆಯ ತಿಂಗಳಲ್ಲಿ ಅವಸರ ಮಾಡಿದ ಕಾರುಗಳಲ್ಲಿ ಬ್ರೇಕ್ ಕೆಲಸ ಅರೆಬರೆ ಆಗಿರುವುದನ್ನು ನೋಡಿದ್ದೇನೆ.

ಕೆಲಸದ ಜಾಗದ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಹಳ್ಳಿಯಲ್ಲಿಟ್ಟುಕೊಂಡು ಪ್ರತಿ ಶನಿವಾರ ಹೋಗಿ ಬರುತ್ತೀರಾ? ಹತ್ತು ನಂಬರ್ ಸಾಕೆಟ್ ಮರೆತರೆ ಆ ವಾರ ಹೋಯಿತು. ಆಗುವುದಾದರೆ ಕಾರನ್ನು ಶಿವಮೊಗ್ಗಕ್ಕೇ ತನ್ನಿ, ಮೇಲೆ ಹತ್ತಿಸಿಕೊಂಡು ಬರುವ ಟೋಯಿಂಗ್ ಗಾಡಿಯಲ್ಲೇ. ಹಗ್ಗ ಕಟ್ಟಿ ಎಳೆದುಕೊಂಡು ಬರಬೇಡಿ, ಬ್ರೇಕ್ ಇಲ್ಲದ ಕಾರು ಇಳಿಜಾರಿನಲ್ಲಿ ಮುಂದಿನ ಗಾಡಿಗೇ ಗುದ್ದುತ್ತದೆ. ದಿನಸಂಜೆ ಅರ್ಧ ಗಂಟೆ ಕೆಲಸ ಸಾಗುವುದು ಕಣ್ಣೆದುರಿಗೆ ಕಾರಿದ್ದರೆ ಮಾತ್ರ.

ಬಿಚ್ಚುವಾಗ ಒಂದು ಶಿಸ್ತು ಸಾಕು. ಒಂದು ಜಾಗದ ಬೋಲ್ಟುಗಳು ಒಂದು ಜಿಪ್ ಕವರಿಗೆ, ಒಳಗೆ ಚೀಟಿ: "ಎಡ ಮುಂದಿನ ಬಾಗಿಲು, ಮೇಲಿನ ಕೀಲು". ಬಿಚ್ಚುವ ಮೊದಲು ಫೋಟೊ, ಬಿಚ್ಚಿದ ಮೇಲೆ ಫೋಟೊ. ವೈರಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಹೆಸರು ಬರೆಯಿರಿ. ಮುರಿದ ಬೀಡಿಂಗು, ಒಡೆದ ದೀಪದ ಗಾಜು, ಏನನ್ನೂ ಎಸೆಯಬೇಡಿ. ಯಾಕೆಂದರೆ ಪದ್ಮಿನಿಯ ಇಂಜಿನ್ ಸಾಮಾನು, ಬ್ರೇಕ್ ಸಾಮಾನು ಇವತ್ತಿಗೂ ಹುಡುಕಿದರೆ ಸಿಗುತ್ತವೆ. ಸಿಗದಿರುವುದು ಮುಂದಿನ ಜಾಲರಿ, ಬಂಪರು, ಹಿಂದಿನ ದೀಪ, ಮೀಟರ್ ಬೋರ್ಡು, ಗಾಜಿನ ಸುತ್ತಿನ ಹೊಳೆಯುವ ಪಟ್ಟಿ ಇಂಥವು. ನಿಮ್ಮ ಕಾರಿನಲ್ಲಿ ಇವೆಲ್ಲ ಇದ್ದರೆ ಚಿನ್ನದ ಹಾಗೆ ಹಳೆ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ.

ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ ಕಡೆ ವಿಚಾರಿಸಬೇಕು. ಮುಂಬೈ ಯಾಕೆ ಅಂದರೆ ಅಲ್ಲಿ ಕಪ್ಪು ಹಳದಿ ಟ್ಯಾಕ್ಸಿ ಅಂದರೆ ಪದ್ಮಿನಿಯೇ ಆಗಿತ್ತು. ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಟ್ಯಾಕ್ಸಿಗಳೇ ಇಲ್ಲ ಅಂದಮೇಲೆ ಸಾಮಾನು ತಯಾರಿಸುವವರಿಗೂ ಗಿರಾಕಿ ಕಡಿಮೆ. ಬೇಕಾದ್ದನ್ನು ಬೇಗ ತೆಗೆದಿಟ್ಟುಕೊಳ್ಳಿ ಅನ್ನುವುದು ಇದಕ್ಕೇ. ಆದರೆ ಮುಂಬೈಯಿಂದ ಬಾಗಿಲು, ಬಾನೆಟ್ ತರಿಸಬೇಡಿ. ಸಮುದ್ರದ ಉಪ್ಪುಗಾಳಿ ತಿಂದ ತಗಡು ನಿಮ್ಮ ಮಲೆನಾಡಿನದಕ್ಕಿಂತ ಕಡೆ. ತಗಡಿನ ಸಾಮಾನಿಗೆ ಬಳ್ಳಾರಿ, ವಿಜಯಪುರದ ಒಣ ಸೀಮೆಯೇ ಸರಿ.

ಬ್ರೇಕಿನಲ್ಲಿ ಉಳಿತಾಯ ಬೇಡ. ಮಾಸ್ಟರ್ ಸಿಲಿಂಡರು, ವೀಲ್ ಸಿಲಿಂಡರುಗಳು, ರಬ್ಬರ್ ಹೋಸುಗಳು, ಲೈನಿಂಗು, ಎಲ್ಲ ಹೊಸದು. ಚೆನ್ನಾಗಿ ಕಾಣುತ್ತದೆ ಅಂತ ಹಳೆ ರಬ್ಬರ್ ಉಳಿಸಿಕೊಳ್ಳಬೇಡಿ, ಹನ್ನೊಂದು ವರ್ಷದಲ್ಲಿ ಅದು ಒಳಗೇ ಉಬ್ಬಿರುತ್ತದೆ. ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಕಂಪ್ರೆಸರಿನಿಂದಾಗಲಿ ಊದಬೇಡಿ. ಹಳೆ ಲೈನಿಂಗಿನಲ್ಲಿ ಆ್ಯಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಂಡು. ಜೋಡಿಸುವುದನ್ನು ನೀವೇ ಮಾಡಿ, ಆದರೆ ಮೊದಲ ಸಲ ರಸ್ತೆಗೆ ಇಳಿಸುವ ಮೊದಲು ಅನುಭವಸ್ಥ ಮೆಕ್ಯಾನಿಕ್ ಒಬ್ಬರು ನೋಡಲಿ. ಅರವತ್ತು ದಾಟಿದ, ಒಂದು ಕಾಲದಲ್ಲಿ ಟ್ಯಾಕ್ಸಿ ಸ್ಟ್ಯಾಂಡಿನ ಪದ್ಮಿನಿಗಳನ್ನು ರಿಪೇರಿ ಮಾಡುತ್ತಿದ್ದವರು ನಿಮ್ಮೂರಿನಲ್ಲೂ ಇದ್ದೇ ಇರುತ್ತಾರೆ. ಸ್ಟಿಯರಿಂಗ್ ಪಕ್ಕದ ಗೇರ್ ಲಿವರಿನ ಸಡಿಲ ಸರಿಮಾಡುವ ಕೈಚಳಕ ಅವರಿಗೆ ಮಾತ್ರ ಗೊತ್ತು. ಇನ್ನೊಂದು, ಕಾರಿನ ಕೆಳಗೆ ಹೋಗುವಾಗ ಜಾಕನ್ನು ನಂಬಬೇಡಿ. ನಾಲ್ಕು ಜಾಕ್ ಸ್ಟ್ಯಾಂಡು ಕೊಳ್ಳಿ, ಕಲ್ಲು, ಇಟ್ಟಿಗೆ ಇಡುವುದೂ ಬೇಡ. ಇಂಜಿನ್ ಇಳಿಸಲು ಚೈನ್ ಬ್ಲಾಕ್ ಬಾಡಿಗೆಗೆ ಸಿಗುತ್ತದೆ. ಅದನ್ನು ಕೊಟ್ಟಿಗೆಯ ಗೆದ್ದಲು ಹಿಡಿದ ತೊಲೆಗೆ ಕಟ್ಟಿ ತೊಲೆಯನ್ನೇ ಇಳಿಸಿಕೊಂಡವರ ಕತೆ ನನ್ನ ಹತ್ತಿರ ಇದೆ, ಇನ್ನೊಮ್ಮೆ ಹೇಳುತ್ತೇನೆ.

ಪೆಟ್ರೋಲಿನ ವಿಚಾರ ಹೊಸ ತಲೆನೋವು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತದ್ದು. ನಿಮ್ಮ ಕಾರಿನ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ, ಕಾರ್ಬುರೇಟರ್ ಪ್ಯಾಕಿಂಗ್ ಇದಕ್ಕಾಗಿ ಮಾಡಿದ್ದಲ್ಲ, ಮೆತ್ತಗಾಗಿ ಸೋರುತ್ತವೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಎಥನಾಲ್ ತಡೆಯುವ ಪೈಪು ಅಂತ ಕೇಳಿಯೇ ತನ್ನಿ, ಟ್ಯಾಂಕಿನಿಂದ ಕಾರ್ಬುರೇಟರಿನ ತನಕ ಎಲ್ಲ ಬದಲಾಯಿಸಿ. ಎಥನಾಲ್ ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಹಳೆ ಟ್ಯಾಂಕಿನೊಳಗೆ ಅಂಟು, ತುಕ್ಕು ಇರುತ್ತದೆ, ತೊಳೆಸಿ. ತೂತಿದ್ದರೆ ಮನೆಯಲ್ಲಿ ಬೆಸುಗೆ ಹಾಕುವ ಯೋಚನೆ ಬೇಡ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ.

ವೈರಿಂಗನ್ನು ಇಲಿ ಎಷ್ಟು ತಿಂದಿದೆಯೋ ನೋಡಿ. ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ತೇಪೆ ಹಾಕದೆ ಪೂರ್ತಿ ಹೊಸದು ಎಳೆಯಿರಿ, ಮಳೆಗಾಲದ ಸಂಜೆಗಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಸೀಟಿಗೆ ಒಳ್ಳೆಯ ರೆಗ್ಜಿನ್ ಹಾಕಿಸಿದರೆ ಸಾಕು. ಟೈರು 5.20-14 ಸೈಜಿನದು, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಎರಡು ತಿಂಗಳು ಮೊದಲೇ ಹೇಳಿಡಿ. ಹಳೆ ಸ್ಟಾಕ್ ಕೊಟ್ಟಾರು, ಬದಿಯಲ್ಲಿರುವ ನಾಲ್ಕಂಕಿ ನೋಡಿ ತೆಗೆದುಕೊಳ್ಳಿ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ.

ಆರ್‌ಟಿಒಗೆ ಈ ತಿಂಗಳೇ ಹೋಗಿ ಬನ್ನಿ, ಕಾರು ತಯಾರಾದ ಮೇಲೆ ಅಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಿಮ್ಮದು ಬಹುಶಃ ಎಂದೋ ಮುಗಿದಿದೆ. ನವೀಕರಣದ ಶುಲ್ಕ 15 ವರ್ಷ ದಾಟಿದ ಕಾರಿಗೆ 2022ರ ಏಪ್ರಿಲಿನಿಂದ 5,000 ಆಯಿತು, 20 ದಾಟಿದ್ದಕ್ಕೆ 2025ರ ಆಗಸ್ಟಿನಲ್ಲಿ 10,000ಕ್ಕೆ ಏರಿತು. ತಡ ಮಾಡಿದ್ದಕ್ಕೆ ತಿಂಗಳ ಲೆಕ್ಕದಲ್ಲಿ ದಂಡ, ಜೊತೆಗೆ ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ. ಈ ದಂಡ ಎಷ್ಟಾಗುತ್ತದೆ ಅನ್ನುವುದು ಕೌಂಟರಿನಲ್ಲೇ ಬರೆಸಿಕೊಳ್ಳಬೇಕಾದ ಅಂಕಿ, ನನ್ನ ಹತ್ತು ಸಾವಿರ ನವೀಕರಣದ ಶುಲ್ಕಕ್ಕೇ ಆಗುತ್ತದೆ, ದಂಡ ಮತ್ತು ಮಿಕ್ಕದ್ದು ಅದರಲ್ಲಿ ಸೇರಿಲ್ಲ. 1983ರ ಪುಸ್ತಕದಂಥ ಆರ್‌ಸಿ ಆಗಿದ್ದರೆ ಕಂಪ್ಯೂಟರಿನಲ್ಲಿ ನಿಮ್ಮ ಕಾರೇ ಇಲ್ಲದಿರಬಹುದು. ಹಾಗಾದರೆ ಮೊದಲು ಹಳೆ ದಾಖಲೆ ಸೇರಿಸಲು ಅರ್ಜಿ ಕೊಡಬೇಕು, ಅದಕ್ಕೇ ತಿಂಗಳುಗಳು ಹಿಡಿಯುತ್ತವೆ. ವಿಂಟೇಜ್ ನೋಂದಣಿ ಅಂತ 2021ರಲ್ಲಿ ಬಂದಿದೆಯಲ್ಲ ಅಂತ ಯಾರಾದರೂ ಹೇಳಿಯಾರು. ಅದು 50 ವರ್ಷ ದಾಟಿದ ಗಾಡಿಗೆ, ನಿಮ್ಮದಕ್ಕೆ 2033ರ ತನಕ ಕಾಯಬೇಕು. ಆ ನೋಂದಣಿಯ ಕಾರನ್ನು ದಿನಬಳಕೆಗೆ ಓಡಿಸುವಂತೆಯೂ ಇಲ್ಲ.

ಇನ್ನು ಕೆಂಪು ಬಣ್ಣ. ಕಾನೂನಿನ ಪ್ರಕಾರ ಆಗುತ್ತದೆ, ಆದರೆ ಆರ್‌ಸಿಯಲ್ಲಿ ಬಣ್ಣ ಬದಲಾಯಿಸಿಕೊಳ್ಳಬೇಕು. ಖರ್ಚೂ ಜಾಸ್ತಿ, ಯಾಕೆಂದರೆ ಬಣ್ಣ ಬದಲಾದರೆ ಬಾಗಿಲ ಒಳಅಂಚು, ಡಿಕ್ಕಿ, ಬಾನೆಟ್ಟಿನ ಅಡಿ, ಇಂಜಿನ್ ಕೂರುವ ಜಾಗ ಎಲ್ಲವನ್ನೂ ಹೊಡೆಸಬೇಕು. ಇಲ್ಲದಿದ್ದರೆ ಬಾಗಿಲು ತೆಗೆದಾಗಲೆಲ್ಲ ಹಳೆಯ ಕ್ರೀಮ್ ಇಣುಕುತ್ತದೆ. ಪಿಯು (ಪಾಲಿಯುರೆಥೇನ್) ಪೇಂಟ್ ನೀವೇ ಹೊಡೆಯುವ ಯೋಚನೆ ಇದ್ದರೆ ಬಿಡಿ, ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ. ನನ್ನ ಮನಸ್ಸು ಕೇಳಿದರೆ ಕ್ರೀಮೇ ಇರಲಿ. ಆದರೆ ಈಗ ಕಾಣುವ ಕ್ರೀಮೇ ಮೊದಲಿನದು ಅಂತ ನಂಬಬೇಡಿ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಟಾರ್ಚ್ ಬಿಟ್ಟು ನೋಡಿ, ಪೇಂಟರ್‌ಗಳ ಗನ್ನು ಅಲ್ಲಿಗೆ ತಲುಪಿರುವುದಿಲ್ಲ. ಅಲ್ಲಿ ಬೇರೆ ಬಣ್ಣ ಸಿಕ್ಕರೆ ಒಂದು ಫೋಟೊ ತೆಗೆದು ತಂದೆಯವರಿಗೆ ತೋರಿಸಿ. ಕಾರು ಮನೆಗೆ ಬಂದ ದಿನ ಯಾವ ಬಣ್ಣ ಇತ್ತು ಅಂತ ಹೇಳುವವರು ಅವರೊಬ್ಬರೇ. ಗುಜರಿಯ ಮಾತು ಆಮೇಲೂ ಬರುತ್ತದಾ ನೋಡೋಣ.